‘ಎವಿಡೆನ್ಸ್’ ಪದದ ನೆರೆಹೊರೆ

ಸಂಶೋಧನೆ ಮಾಡುವ ಹುಡುಗ ಹುಡುಗಿಯರ ಇಂಗ್ಲಿಷ್ ಬರಹವನ್ನು ಓದಿ ತಿದ್ದಿಕೊಡುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹೆಚ್ಚಿನವರು ನನ್ನ ಹಾಗೆಯೇ ಕನ್ನಡ ಮಾಧ್ಯಮದಲ್ಲಿ ಓದಿದವರು. ಹಾಸನ, ಚಿತ್ರದುರ್ಗ, ಹಾವೇರಿ, ಕೊಪ್ಪಳದ ಕಡೆಯವರು. ಬಂದವರೆಲ್ಲ ಮೊದಲು ಹೇಳುವುದು ಒಂದೇ ಮಾತು: ‘ಮೇಡಂ, ನನ್ನ ವೊಕ್ಯಾಬ್ಯುಲರಿ ತುಂಬಾ ವೀಕ್.’ ಆಮೇಲೆ ಕಷ್ಟದ ಪದಗಳನ್ನು ಕಲಿಸುವ ಒಳ್ಳೆಯ ಪುಸ್ತಕ ಯಾವುದು ಅಂತ ಕೇಳುತ್ತಾರೆ.

ಅವರ ಬರಹ ಓದಿದರೆ ನನಗೆ ಬೇರೆಯೇ ಕಾಣುತ್ತದೆ. ಎವಿಡೆನ್ಸ್, ಕನ್‌ಕ್ಲೂಷನ್, ರಿಸರ್ಚ್, ರೀಸನ್, ಕ್ಲೇಮ್ ಎಲ್ಲವೂ ಅವರಿಗೆ ಗೊತ್ತು. ಅರ್ಥ ಕೇಳಿದರೆ ಥಟ್ಟನೆ ಹೇಳುತ್ತಾರೆ. ಆದರೆ ಬರೆಯುವಾಗ ‘ಗಿವ್ ಎ ಕನ್‌ಕ್ಲೂಷನ್’ ಆಗುತ್ತದೆ, ‘ಡೂ ಎ ರಿಸರ್ಚ್’ ಆಗುತ್ತದೆ, ‘ಟೆಲ್ ದ ರೀಸನ್’ ಆಗುತ್ತದೆ, ‘ದ ಎವಿಡೆನ್ಸಸ್ ಆರ್ ಸೇಯಿಂಗ್’ ಆಗುತ್ತದೆ. ಇದರಲ್ಲಿ ಒಂದಾದರೂ ಕಷ್ಟದ ಪದ ಇದೆಯಾ? ಎಲ್ಲ ಹತ್ತನೇ ಕ್ಲಾಸಿನ ಒಳಗೆ ಕಲಿತವೇ. ಕಲಿಯದೆ ಉಳಿದದ್ದು ಯಾವ ಪದ ಯಾವುದರ ಪಕ್ಕ ಕೂರುತ್ತದೆ ಅನ್ನುವುದನ್ನು. ಇಂಗ್ಲಿಷಿನಲ್ಲಿ ಕನ್‌ಕ್ಲೂಷನ್ ಅನ್ನು ‘ಡ್ರಾ’ ಮಾಡುತ್ತಾರೆ, ಇಲ್ಲವೇ ‘ರೀಚ್’ ಆಗುತ್ತಾರೆ. ರಿಸರ್ಚ್ ಅನ್ನು ‘ಕಂಡಕ್ಟ್’ ಮಾಡುತ್ತಾರೆ, ‘ಕ್ಯಾರಿ ಔಟ್’ ಮಾಡುತ್ತಾರೆ. ಭಾಷೆ ಓದಿದವರು ಇದನ್ನು ಕೊಲೊಕೇಷನ್ ಅನ್ನುತ್ತಾರೆ. ನಾನು ಜೊತೆಪದ ಅಂತಲೇ ಹೇಳಿಕೊಡುತ್ತೇನೆ.

ನಮ್ಮ ಭಾಷೆಯಲ್ಲಿ ಇದು ಎಷ್ಟು ಗಟ್ಟಿಯಾಗಿದೆ ನೋಡಿ. ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಪೇಟ ಸುತ್ತುತ್ತೇವೆ, ಕುಂಕುಮ ಇಡುತ್ತೇವೆ. ಇಂಗ್ಲಿಷಿನವರು ಹೆಚ್ಚುಕಡಿಮೆ ಇದೆಲ್ಲವನ್ನೂ ‘ವೇರ್’ ಅನ್ನುವ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಬೇರೆ ರಾಜ್ಯದಿಂದ ಬಂದು ಕನ್ನಡ ಕಲಿಯುತ್ತಿರುವವರು ‘ಅವಳು ಮಲ್ಲಿಗೆ ಉಟ್ಟಿದ್ದಾಳೆ’ ಅಂದರೆ ಅರ್ಥ ಆಗುತ್ತದೆ, ಆದರೆ ಕಿವಿ ಒಪ್ಪುವುದಿಲ್ಲ. ಯಾಕೆ ತಪ್ಪು ಅಂತ ಅವರು ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲ. ಯಾವ ಮೇಷ್ಟ್ರೂ ನಮಗೆ ಇದನ್ನು ಹೇಳಿಕೊಟ್ಟಿಲ್ಲ. ಮನೆಯಲ್ಲಿ, ಓಣಿಯಲ್ಲಿ, ಜಾತ್ರೆಯಲ್ಲಿ ಸಾವಿರ ಸಲ ಕೇಳಿ ಕೇಳಿ ಕೂತುಬಿಟ್ಟಿದೆ.

ಇಂಗ್ಲಿಷ್ ಮನೆಮಾತಾದವರ ಕಥೆಯೂ ಅದೇ. ತಮ್ಮ ಜೊತೆಪದಗಳು ಅವರ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿಯೋ ಏನೋ, ಈ ವಿಷಯವನ್ನು ಗಂಭೀರವಾಗಿ ಹಿಡಿದವರಲ್ಲಿ ಹಲವರು ಇಂಗ್ಲೆಂಡಿನಿಂದ ದೂರ ಹೋಗಿ ಪರಭಾಷೆಯವರಿಗೆ ಇಂಗ್ಲಿಷ್ ಕಲಿಸಿದವರು. ಭಾಷಾಶಿಕ್ಷಣ ತಜ್ಞ ಹೆರಾಲ್ಡ್ ಪಾಮರ್ 1922ರಿಂದ 1936ರವರೆಗೆ ಜಪಾನಿನಲ್ಲಿದ್ದರು. ಇಂಗ್ಲಿಷ್ ಜೊತೆಪದಗಳ ಬಗ್ಗೆ ಅವರ ದೊಡ್ಡ ವರದಿ 1933ರಲ್ಲಿ ಟೋಕಿಯೋದಲ್ಲೇ ಹೊರಬಂತು. ಅವರ ಜೊತೆ ಕೆಲಸ ಮಾಡಿದ ಎ. ಎಸ್. ಹಾರ್ನ್‌ಬಿ ಕಲಿಯುವವರಿಗಾಗಿಯೇ ಮಾಡಿದ ನಿಘಂಟು 1942ರಲ್ಲಿ ಅಲ್ಲೇ ಅಚ್ಚಾಯಿತು. ನಮ್ಮ ಹಳ್ಳಿ ಶಾಲೆಗಳ ಕಪಾಟಿನಲ್ಲೂ ಕಾಣುವ ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟಿನ ಬೇರು ಅದು. ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದರು. ಒಂದು ಪದ ಎಂಥದ್ದು ಅಂತ ತಿಳಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ನೋಡಿ ಎಂಬ ಅರ್ಥದ ಮಾತನ್ನು ಅವರು 1957ರಲ್ಲಿ ಬರೆದರು. ಆಮೇಲೆ ಕಂಪ್ಯೂಟರ್ ಬಂತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಸಿಂಕ್ಲೇರ್ ಮತ್ತು ಅವರ ತಂಡ ಕೋಟಿಗಟ್ಟಲೆ ಪದಗಳ ಪಠ್ಯ ಸೇರಿಸಿ, 1987ರಲ್ಲಿ ಅದರ ಆಧಾರದ ಮೇಲೆ ನಿಘಂಟು ತಂದರು. ನಾವು ಒಂದೊಂದೇ ಪದ ಆರಿಸಿ ವಾಕ್ಯ ಕಟ್ಟುತ್ತೇವೆ ಅನ್ನುವ ನಂಬಿಕೆ ಪೂರ್ತಿ ನಿಜವಲ್ಲ, ಬಹಳಷ್ಟು ಸಲ ಮೊದಲೇ ಕೂಡಿಕೊಂಡಿರುವ ತುಂಡುಗಳನ್ನೇ ಎತ್ತಿಡುತ್ತೇವೆ ಅಂತ ಸಿಂಕ್ಲೇರ್ ವಾದಿಸಿದರು.

ಇಷ್ಟು ಇತಿಹಾಸ ಸಾಕು. ನನಗೆ ಮುಖ್ಯ ಅನ್ನಿಸುವುದು ಬೇರೆ.

ವಾದ ಮಾಡುವ ಬರಹದಲ್ಲಿ ಜೊತೆಪದ ಅನ್ನುವುದು ಬರೀ ಅಂದಚೆಂದದ ವಿಷಯ ಅಲ್ಲ. ಮಾತಿನ ತೂಕ ಇರುವುದೇ ಅಲ್ಲಿ. ನೀವು ಎಷ್ಟು ಹೇಳುತ್ತಿದ್ದೀರಿ, ಎಷ್ಟರ ಮಟ್ಟಿಗೆ ಹೊಣೆ ಹೊರುತ್ತೀರಿ ಅನ್ನುವುದನ್ನು ಓದುಗ ಆ ಪಕ್ಕದ ಪದದಿಂದಲೇ ಅಳೆಯುತ್ತಾನೆ. ಒಂದು ವಾಕ್ಯ ಹಿಡಿದು ತೋರಿಸುತ್ತೇನೆ.

ಪೋಷಣೆಯ ವಿಷಯದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಳು ಹುಡುಗಿ ತನ್ನ ಪ್ರಬಂಧದ ಕರಡು ತಂದಿದ್ದಳು. ಕೆಲವು ಹಳ್ಳಿಗಳಲ್ಲಿ ದೊಡ್ಡವರನ್ನು ಮಾತಾಡಿಸಿ, ವಾರಕ್ಕೆ ಎಷ್ಟು ಸಲ ರಾಗಿ ತಿನ್ನುತ್ತೀರಿ ಅಂತ ಕೇಳಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತದ ಸಕ್ಕರೆ ಅಳೆದಿದ್ದಳು. ಶ್ರದ್ಧೆಯಿಂದ ಮಾಡಿದ ಕೆಲಸ. ಸಾರಾಂಶದ ಕೊನೆಯ ವಾಕ್ಯ ಹೀಗಿತ್ತು: ‘ಅವರ್ ಸ್ಟಡಿ ಪ್ರೂವ್ಸ್ ದಟ್ ರಾಗಿ ರೆಡ್ಯೂಸಸ್ ಬ್ಲಡ್ ಶುಗರ್.’ ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಸ್ಪೆಲ್ಲಿಂಗ್ ಸರಿ. ಆದರೂ ಜರ್ನಲ್ಲಿಗೆ ಬಂದ ಲೇಖನ ಪರಿಶೀಲಿಸುವ ಯಾವ ವಿಮರ್ಶಕನ ಮುಂದೆಯೂ ಈ ವಾಕ್ಯ ನಿಲ್ಲುವುದಿಲ್ಲ.

ಮೊದಲು ‘ಪ್ರೂವ್ಸ್’. ಗಣಿತದಲ್ಲಿ ಪ್ರಮೇಯವನ್ನು ‘ಪ್ರೂವ್’ ಮಾಡಬಹುದು. ಒಂದು ಸಮೀಕ್ಷೆ ಏನನ್ನೂ ‘ಪ್ರೂವ್’ ಮಾಡುವುದಿಲ್ಲ. ಅದು ‘ಶೋಸ್’, ‘ಇಂಡಿಕೇಟ್ಸ್’, ‘ಸಜೆಸ್ಟ್ಸ್’, ಇಲ್ಲವೇ ‘ಪ್ರೊವೈಡ್ಸ್ ಎವಿಡೆನ್ಸ್’. ಎರಡನೆಯದು ‘ರೆಡ್ಯೂಸಸ್’. ರಾಗಿ ಸಕ್ಕರೆ ಕಡಿಮೆ ಮಾಡುತ್ತದೆ ಅಂತ ಹೇಳಬೇಕಾದರೆ, ರಾಗಿ ಕೊಡುವ ಮುಂಚೆ ಅಳೆದು, ಕೊಟ್ಟ ಮೇಲೆ ಅಳೆದು, ಕೊಡದವರ ಜೊತೆ ಹೋಲಿಸಿ ನೋಡಿರಬೇಕು. ಇವಳು ಅಳೆದದ್ದು ಒಂದೇ ಸಲ. ರಾಗಿ ತಿನ್ನುವವರು ಹೊಲದಲ್ಲಿ ಜಾಸ್ತಿ ದುಡಿಯುವವರೂ ಇರಬಹುದು, ಸಕ್ಕರೆ ಕಡಿಮೆ ಇರುವುದು ಆ ದುಡಿಮೆಯಿಂದಲೂ ಇರಬಹುದು. ಇಂಥ ಕಡೆ ಇಂಗ್ಲಿಷಿನ ಜೊತೆ ‘ಅಸೋಸಿಯೇಟೆಡ್ ವಿತ್’. ಎರಡೂ ಒಟ್ಟಿಗೆ ಕಂಡವು, ಯಾವುದರಿಂದ ಯಾವುದು ಅಂತ ನಾನು ಹೇಳುತ್ತಿಲ್ಲ ಅನ್ನುವ ಮಾತು ಅದು.

ಅವಳಿಗೆ ಬೇಸರ ಆಯಿತು. ‘ಅಷ್ಟು ಮೆತ್ತಗೆ ಬರೆದರೆ ಕೆಲಸ ಸಣ್ಣದು ಅನ್ಸಲ್ವಾ ಮೇಡಂ?’ ಅಂದಳು. ನಾನು ಕೇಳಿದೆ, ‘ನಿಮ್ಮ ಅಮ್ಮನಿಗೆ ಈ ಫಲಿತಾಂಶ ಹೇಳೋದಾದರೆ ಕನ್ನಡದಲ್ಲಿ ಹೇಗೆ ಹೇಳ್ತೀಯ?’ ಅವಳು ಯೋಚನೆಯನ್ನೇ ಮಾಡಲಿಲ್ಲ. ‘ರಾಗಿ ಜಾಸ್ತಿ ತಿನ್ನೋರಲ್ಲಿ ಶುಗರ್ ಕಡಿಮೆ ಇರೋದು ಕಂಡುಬಂತಮ್ಮ ಅಂತೀನಿ.’

ಕಂಡುಬಂತು! ನನಗೆ ಬೇಕಾಗಿದ್ದ ತೂಕ ಅಷ್ಟೇ. ಕನ್ನಡದಲ್ಲಿ ಅವಳು ಒಂದು ಗುಂಜಿಯಷ್ಟೂ ಹೆಚ್ಚು ಹೇಳಲಿಲ್ಲ. ಇಂಗ್ಲಿಷಿಗೆ ಬಂದ ಕೂಡಲೇ ‘ಪ್ರೂವ್ಸ್’ ಯಾಕೆ ಬಂತು? ಅವಳಿಗೆ ಅಲ್ಲಿ ಸಿಕ್ಕಿದ್ದು ಅದೊಂದೇ ಪದ, ಅದಕ್ಕೆ. ‘ರೆಗ್ಯುಲರ್ ರಾಗಿ ಕನ್ಸಂಪ್ಷನ್ ವಾಸ್ ಅಸೋಸಿಯೇಟೆಡ್ ವಿತ್ ಲೋಯರ್ ಫಾಸ್ಟಿಂಗ್ ಗ್ಲೂಕೋಸ್’ ಅಂತ ತಿದ್ದಿ ಬರೆದಳು. ಮುಂದೆ ಚರ್ಚೆಯ ಭಾಗದಲ್ಲಿ ‘ಮೇ ಕಾಂಟ್ರಿಬ್ಯೂಟ್ ಟು’ ಅನ್ನುವುದನ್ನು ಸೇರಿಸಿ, ಯಾಕೆ ಹಾಗಿರಬಹುದು ಅಂತ ವಿವರಿಸಿದಳು. ಅಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿದೆ. ಮೆತ್ತಗೆ ಮಾಡಬೇಕು ಅಂತ ‘ಮೇ ಪಾಸಿಬ್ಲಿ ಸಜೆಸ್ಟ್ ದಟ್ ಇಟ್ ಕುಡ್ ಬಿ’ ಅಂತ ಸಾಲಾಗಿ ಪೇರಿಸಿದರೆ ಯಾವ ಮಾತೂ ಉಳಿಯುವುದಿಲ್ಲ. ಸಂಬಂಧ ಅಂಕಿಅಂಶದಲ್ಲಿ ಕಂಡಿದೆ, ಅದನ್ನು ಗಟ್ಟಿಯಾಗಿ ಹೇಳು. ಕಾರಣದ ವಿಷಯ ಊಹೆ, ಅಲ್ಲಿ ಮಾತ್ರ ‘ಮೇ’ ಹಾಕು.

ಆ ದಿನದಿಂದ ನಾನು ಪಾಠ ಹೇಳುವ ಬಗೆಯನ್ನೇ ಬದಲಾಯಿಸಿದೆ. ಕನ್ನಡದ ಕ್ರಿಯಾಪದದ ಬಾಲದಲ್ಲಿ ಈ ಅಳತೆಯೆಲ್ಲ ಆಗಲೇ ಇದೆ ಅಲ್ವಾ? ‘ರಾತ್ರಿ ಮಳೆ ಬಂದಿದೆ’ ಅಂದರೆ ನನಗೆ ಖಾತ್ರಿ ಇದೆ. ‘ಮಳೆ ಬಂದಿರಬೇಕು’ ಅಂದರೆ ನಾನು ನೋಡಿಲ್ಲ, ಆದರೆ ಅಂಗಳ ಒದ್ದೆಯಾಗಿದೆ. ‘ಮಳೆ ಬಂದಿರಬಹುದು’ ಅಂದರೆ ಇದ್ದರೂ ಇದ್ದೀತು. ‘ಮಳೆ ಬಂತಂತೆ’ ಅಂದರೆ ಯಾರೋ ಹೇಳಿದರು, ಸುಳ್ಳಾದರೆ ನನ್ನನ್ನು ಕೇಳಬೇಡಿ. ಐದು ವರ್ಷದ ಮಗು ಕೂಡ ಇವುಗಳನ್ನು ಅದಲುಬದಲು ಮಾಡುವುದಿಲ್ಲ. ಎಷ್ಟು ಗೊತ್ತು, ಹೇಗೆ ಗೊತ್ತಾಯಿತು ಅನ್ನುವುದನ್ನು ಪ್ರತಿ ಮಾತಿನಲ್ಲೂ ಅಳೆದು ಹೇಳುವ ಭಾಷೆ ನಮ್ಮದು.

ಇಂಗ್ಲಿಷ್ ಕ್ರಿಯಾಪದಕ್ಕೆ ಇಂಥ ಬಾಲ ಇಲ್ಲ. ಅದು ಈ ಅಳತೆಯನ್ನು ‘ಮೇ’, ‘ಮಸ್ಟ್’ ಜೊತೆಗೆ ಪಕ್ಕದ ಪದಗಳಿಗೂ ಹಂಚಿಕೊಟ್ಟಿದೆ. ‘ಬಂದಿರಬೇಕು’ ಅನ್ನುವ ಕಡೆ ‘ದ ಎವಿಡೆನ್ಸ್ ಸ್ಟ್ರಾಂಗ್ಲಿ ಸಜೆಸ್ಟ್ಸ್’ ಅಥವಾ ‘ಪಾಯಿಂಟ್ಸ್ ಟು’ ಬರುತ್ತದೆ. ‘ಬಂದಿರಬಹುದು’ ಅನ್ನುವ ಕಡೆ ‘ಮೇ ವೆಲ್ ಹ್ಯಾವ್’, ‘ಒನ್ ಪಾಸಿಬಲ್ ಎಕ್ಸ್‌ಪ್ಲನೇಷನ್’. ‘ಅಂತೆ’ ಇರುವ ಕಡೆ ‘ರಿಪೋರ್ಟೆಡ್ಲಿ’, ‘ಹ್ಯಾಸ್ ಬೀನ್ ರಿಪೋರ್ಟೆಡ್ ಟು’. ನಿನ್ನ ಮಾತನ್ನು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳು, ಬಾಲ ಏನು ಬಂತು ನೋಡಿಕೋ, ಆಮೇಲೆ ಇಂಗ್ಲಿಷಿನಲ್ಲಿ ಅದೇ ತೂಕದ ಜೊತೆ ಹುಡುಕು ಅಂತ ಹೇಳುತ್ತೇನೆ. ಕನ್ನಡ ಮಾಧ್ಯಮದಿಂದ ಬಂದವರು ಇಲ್ಲಿ ಬರಿಗೈಯಲ್ಲಿ ಬಂದಿಲ್ಲ. ಅಳತೆಯ ಕೋಲು ಅವರ ಹತ್ತಿರವೇ ಇದೆ. ಇದನ್ನು ಯಾರೂ ಅವರಿಗೆ ಹೇಳಿಲ್ಲ ಅನ್ನುವುದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಈ ತೂಕದ ವಿಷಯ ಸಣ್ಣದು ಅಂತ ಯಾರಿಗಾದರೂ ಅನ್ನಿಸಿದರೆ ನಾನು ಹವಾಮಾನ ವರದಿಗಳನ್ನು ತೋರಿಸುತ್ತೇನೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ 1988ರಲ್ಲಿ ಶುರುವಾದ ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆಯ ವಿಜ್ಞಾನವನ್ನು ಪರಿಶೀಲಿಸುವ ಅಂತರ್‌ಸರ್ಕಾರಿ ಸಮಿತಿ, ಕೆಲವು ವರ್ಷಕ್ಕೊಮ್ಮೆ ದೊಡ್ಡ ವರದಿ ಕೊಡುತ್ತದೆ. ಭೂಮಿ ಬಿಸಿಯಾಗುವುದರಲ್ಲಿ ಮನುಷ್ಯರ ಪಾತ್ರ ಎಷ್ಟು ಅನ್ನುವ ಒಂದೇ ಪ್ರಶ್ನೆಗೆ ಈ ವರದಿಗಳು ಕೊಟ್ಟ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿ. 1995ರಲ್ಲಿ ಬರೆದದ್ದು: ‘ದ ಬ್ಯಾಲೆನ್ಸ್ ಆಫ್ ಎವಿಡೆನ್ಸ್ ಸಜೆಸ್ಟ್ಸ್ ಎ ಡಿಸರ್ನಿಬಲ್ ಹ್ಯೂಮನ್ ಇನ್‌ಫ್ಲುಯೆನ್ಸ್’. ಅಂದರೆ ಪುರಾವೆಗಳನ್ನು ತೂಗಿ ನೋಡಿದರೆ ಮನುಷ್ಯರ ಪ್ರಭಾವ ಗುರುತಿಸುವಷ್ಟು ಇದೆ ಅನ್ನಿಸುತ್ತದೆ. 2001ರಲ್ಲಿ, ಹಿಂದಿನ 50 ವರ್ಷಗಳ ಬಿಸಿಯಲ್ಲಿ ಹೆಚ್ಚಿನ ಪಾಲು ಹಸಿರುಮನೆ ಅನಿಲಗಳಿಂದ ಆಗಿರುವುದು ‘ಲೈಕ್ಲಿ’. 2007ರಲ್ಲಿ ‘ವೆರಿ ಲೈಕ್ಲಿ’. 2013ರಲ್ಲಿ, ಮನುಷ್ಯರೇ ಮುಖ್ಯ ಕಾರಣ ಅನ್ನುವುದು ‘ಎಕ್ಸ್‌ಟ್ರೀಮ್ಲಿ ಲೈಕ್ಲಿ’. 2021ರಲ್ಲಿ, ಮನುಷ್ಯರಿಂದ ಗಾಳಿ, ಕಡಲು, ನೆಲ ಬಿಸಿಯಾಗಿರುವುದು ‘ಅನ್‌ಇಕ್ವಿವೊಕಲ್’. ಅಂದರೆ ಎರಡು ಮಾತಿಲ್ಲ.

ಇಪ್ಪತ್ತಾರು ವರ್ಷಗಳ ವಿಜ್ಞಾನದ ನಡಿಗೆ ಆ ಪಕ್ಕದ ಪದಗಳಲ್ಲೇ ಕಾಣುತ್ತದೆ. 1995ರ ಆ ‘ಡಿಸರ್ನಿಬಲ್’ ಸುಮ್ನೆ ಬಂದದ್ದಲ್ಲ. ಮ್ಯಾಡ್ರಿಡ್‌ನಲ್ಲಿ ಸೇರಿದ್ದ ಸಭೆಯಲ್ಲಿ ಆ ಜಾಗಕ್ಕೆ ಯಾವ ವಿಶೇಷಣ ಹಾಕಬೇಕು ಅನ್ನುವುದರ ಮೇಲೆಯೇ ಬಿಸಿ ಬಿಸಿ ಚರ್ಚೆ ನಡೆಯಿತು. ಒಂದು ಪದ ಜೋರಾಯಿತು ಅಂತ ಕೆಲವರು, ಇನ್ನೊಂದು ಪದ ಸಪ್ಪೆಯಾಯಿತು ಅಂತ ಕೆಲವರು. ಆಮೇಲೆ ಐಪಿಸಿಸಿ ಈ ಪದಗಳಿಗೆ ಅಂಕಿಯನ್ನೇ ಕಟ್ಟಿಬಿಟ್ಟಿತು. ಈಗ ಅವರ ವರದಿಯಲ್ಲಿ ‘ಲೈಕ್ಲಿ’ ಅಂದರೆ ಶೇ. 66ಕ್ಕಿಂತ ಹೆಚ್ಚಿನ ಸಾಧ್ಯತೆ, ‘ವೆರಿ ಲೈಕ್ಲಿ’ ಅಂದರೆ ಶೇ. 90ಕ್ಕಿಂತ ಹೆಚ್ಚು, ‘ಎಕ್ಸ್‌ಟ್ರೀಮ್ಲಿ ಲೈಕ್ಲಿ’ ಅಂದರೆ ಶೇ. 95ಕ್ಕಿಂತ ಹೆಚ್ಚು, ‘ವರ್ಚುವಲಿ ಸರ್ಟನ್’ ಅಂದರೆ ಶೇ. 99ಕ್ಕಿಂತ ಹೆಚ್ಚು. ಪುರಾವೆಗೂ ಮೂರು ದರ್ಜೆ ಮಾಡಿದ್ದಾರೆ: ‘ಲಿಮಿಟೆಡ್ ಎವಿಡೆನ್ಸ್’, ‘ಮೀಡಿಯಂ ಎವಿಡೆನ್ಸ್’, ‘ರೋಬಸ್ಟ್ ಎವಿಡೆನ್ಸ್’. ಇಲ್ಲಿ ‘ವೆರಿ’ ಅನ್ನುವುದನ್ನು ಒತ್ತು ಕೊಡಲಿಕ್ಕೆ ಅಂತ ಸೇರಿಸಲಿಕ್ಕೂ ಆಗುವುದಿಲ್ಲ, ತೆಗೆಯಲಿಕ್ಕೂ ಆಗುವುದಿಲ್ಲ. ತೆಗೆದರೆ ವಿಜ್ಞಾನಿಗಳು ಹೇಳದ ಮಾತನ್ನು ನೀವು ಅವರ ಬಾಯಿಗೆ ಹಾಕಿದಂತೆ.

ಇನ್ನೊಂದು ಕಡೆಯೂ ಇದೇ ಕಟ್ಟುನಿಟ್ಟು ಇದೆ. ಅಂಕಿಅಂಶದ ಪರೀಕ್ಷೆ ಮಾಡಿ ವ್ಯತ್ಯಾಸ ಕಾಣದಿದ್ದರೆ ನಮ್ಮ ಹುಡುಗರು ‘ವಿ ಆಕ್ಸೆಪ್ಟ್ ದ ನಲ್ ಹೈಪಾಥಿಸಿಸ್’ ಅಂತ ಬರೆಯುತ್ತಾರೆ. ನಲ್ ಹೈಪಾಥಿಸಿಸ್ ಅಂದರೆ ವ್ಯತ್ಯಾಸವೇ ಇಲ್ಲ ಅಂತ ಇಟ್ಟುಕೊಂಡು ಶುರು ಮಾಡುವ ಊಹೆ. ಸರಿಯಾದ ಜೊತೆ ‘ಫೇಲ್ ಟು ರಿಜೆಕ್ಟ್’. ಓದಲಿಕ್ಕೆ ಡೊಂಕಾಗಿ ಕಾಣುತ್ತದೆ, ಆದರೆ ವಿಚಾರ ನೆಟ್ಟಗಿದೆ. ವ್ಯತ್ಯಾಸ ಇಲ್ಲ ಅಂತ ನಾವು ಕಂಡುಕೊಂಡಿಲ್ಲ. ಇದೆ ಅಂತ ಹೇಳಲಿಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ, ಅಷ್ಟೇ. ನಲ್ ಹೈಪಾಥಿಸಿಸ್ ಯಾವತ್ತೂ ಸಾಬೀತಾಗುವುದಿಲ್ಲ, ಬೇಕಾದರೆ ಸುಳ್ಳು ಅಂತ ತೋರಿಸಬಹುದು ಎಂದು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲೇ ಬರೆದಿದ್ದರು. ‘ನೋ ಎವಿಡೆನ್ಸ್ ದಟ್ ಇಟ್ ವರ್ಕ್ಸ್’ ಮತ್ತು ‘ಎವಿಡೆನ್ಸ್ ದಟ್ ಇಟ್ ಡಸ್ ನಾಟ್ ವರ್ಕ್’ ಇವುಗಳ ನಡುವೆ ಇರುವುದೂ ಇದೇ ಅಂತರ. ಮೊದಲನೆಯದು ನಮಗೆ ಇನ್ನೂ ತಿಳಿದಿಲ್ಲ ಅನ್ನುತ್ತದೆ. ಎರಡನೆಯದು ತಿಳಿದಿದೆ, ಕೆಲಸ ಮಾಡುವುದಿಲ್ಲ ಅನ್ನುತ್ತದೆ. ಕೊರೊನಾ ಸಮಯದಲ್ಲಿ ಔಷಧಿಗಳ ಸುದ್ದಿ ಓದುವಾಗ ಇವೆರಡೂ ಒಂದೇ ಅಂದುಕೊಂಡು ಎಷ್ಟು ಗೊಂದಲ ಆಯಿತು ಅಂತ ನೆನಪಿರಬೇಕು.

ಕೆಲವು ಜೊತೆಪದಗಳಲ್ಲಿ ತೂಕದ ಬದಲು ಒಂದು ಬಣ್ಣ ಇರುತ್ತದೆ. ನಮಗೆ ಅದು ಕಾಣಿಸುವುದೇ ಇಲ್ಲ. ‘ಕಾಸ್’ (cause) ಅನ್ನುವ ಕ್ರಿಯಾಪದ ನೋಡಿ. ಪಠ್ಯಸಂಗ್ರಹಗಳಲ್ಲಿ ಹುಡುಕಿದರೆ ಅದರ ಬಲಗಡೆ ಸಾಲುಗಟ್ಟಿ ಬರುವುದು ಪ್ರಾಬ್ಲೆಮ್, ಡ್ಯಾಮೇಜ್, ಡೆತ್, ಕನ್ಸರ್ನ್, ಡಿಲೇ. ಬಹುಪಾಲು ಕೆಡುಕಿನವೇ. ನಮ್ಮ ‘ಕಾರಣ’ಕ್ಕೆ ಹಾಗೇನೂ ಇಲ್ಲ. ಗೆಲುವಿಗೂ ಕಾರಣ ಇರುತ್ತದೆ, ಸೋಲಿಗೂ ಇರುತ್ತದೆ. ಹಾಗಾಗಿ ಸ್ವಸಹಾಯ ಸಂಘಗಳ ಬಗ್ಗೆ ಬರೆಯುವವರು ‘ದ ಸ್ಕೀಮ್ ಕಾಸ್ಡ್ ಎಂಪವರ್‌ಮೆಂಟ್’ ಅಂತ ನಿರಾಳವಾಗಿ ಬರೆಯುತ್ತಾರೆ. ಇಂಗ್ಲಿಷ್ ಓದುಗನ ಕಿವಿಗೆ ಅದು ಸಬಲೀಕರಣ ಅನ್ನುವುದು ಒಂದು ರೋಗ ಅನ್ನುವ ಹಾಗೆ ಕೇಳುತ್ತದೆ. ‘ಲೆಡ್ ಟು’ ಅಂದರೆ ಸಾಕು. ‘ಕಾಂಟ್ರಿಬ್ಯೂಟೆಡ್ ಟು’ ಅಂದರೆ ಇನ್ನೂ ಒಳ್ಳೆಯದು, ಯಾಕೆಂದರೆ ಅದು ಬೇರೆ ಕಾರಣಗಳಿಗೂ ಜಾಗ ಬಿಡುತ್ತದೆ.

‘ಆರ್ಗ್ಯುಮೆಂಟ್’ ಪದವಂತೂ ಪಕ್ಕದವರನ್ನು ನೋಡಿ ಅರ್ಥವನ್ನೇ ಬದಲಾಯಿಸುತ್ತದೆ. ‘ಹ್ಯಾವ್ ಆ್ಯನ್ ಆರ್ಗ್ಯುಮೆಂಟ್’ ಅಂದರೆ ಜಗಳ. ‘ಮೇಕ್ ಆ್ಯನ್ ಆರ್ಗ್ಯುಮೆಂಟ್’ ಅಂದರೆ ವಾದ ಮಂಡಿಸುವುದು. ವಾದವನ್ನು ‘ಪುಟ್ ಫಾರ್ವರ್ಡ್’ ಮಾಡಬಹುದು, ‘ಡೆವಲಪ್’ ಮಾಡಬಹುದು, ಬೇರೆಯವರದ್ದನ್ನು ‘ಕೌಂಟರ್’ ಮಾಡಬಹುದು, ‘ರಿಫ್ಯೂಟ್’ ಮಾಡಬಹುದು. ‘ರಿಫ್ಯೂಟ್’ ಅನ್ನುವುದರ ಹತ್ತಿರ ಹೋಗುವಾಗ ಹುಷಾರು. ತಪ್ಪು ಅಂತ ತೋರಿಸಿಕೊಟ್ಟಾಗ ಮಾತ್ರ ಅದು. ಒಪ್ಪುವುದಿಲ್ಲ ಅಂತ ಹೇಳಿದರೆ ಅದು ‘ರಿಜೆಕ್ಟ್’ ಅಷ್ಟೇ. ಪತ್ರಿಕೆಗಳಲ್ಲಿ ಮಂತ್ರಿಗಳು ದಿನಾ ಆರೋಪವನ್ನು ‘ರಿಫ್ಯೂಟ್’ ಮಾಡುತ್ತಿರುತ್ತಾರೆ. ಸಂಶೋಧನೆಯ ಬರಹದಲ್ಲಿ ಆ ಸಲಿಗೆ ನಡೆಯುವುದಿಲ್ಲ.

ಇದನ್ನೆಲ್ಲ ಕಲಿಯುವುದು ಹೇಗೆ? ಪಟ್ಟಿಗಳು ಬೇಕಾದಷ್ಟಿವೆ. ವೆಲ್ಲಿಂಗ್ಟನ್‌ನ ಎವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ 570 ಪದಕುಟುಂಬಗಳ, ಅಂದರೆ ಒಂದೇ ಮೂಲದಿಂದ ಬಂದ ಪದಗಳ ಗುಂಪುಗಳ, ಅಕಾಡೆಮಿಕ್ ಪಟ್ಟಿ ಕೊಟ್ಟರು. 2013ರಲ್ಲಿ ಆ್ಯಕರ್‌ಮನ್ ಮತ್ತು ಚೆನ್ ಜೊತೆಪದಗಳದ್ದೇ ಪಟ್ಟಿ ಮಾಡಿದರು, ಅದರಲ್ಲಿ 2,469 ಇವೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಜಾನ್ ಮಾರ್ಲಿ ಸಂಶೋಧನೆಯ ಬರಹಕ್ಕೆ ಬೇಕಾದ ನುಡಿಗಟ್ಟುಗಳ ಸಂಗ್ರಹವಾದ ಅಕಾಡೆಮಿಕ್ ಫ್ರೇಸ್‌ಬ್ಯಾಂಕ್ ಕಟ್ಟಿದ್ದಾರೆ. ಎಲ್ಲ ಒಳ್ಳೆಯ ಕೆಲಸ. ಆದರೆ ಪಟ್ಟಿಯನ್ನು ಬಾಯಿಪಾಠ ಮಾಡಲಿಕ್ಕೆ ಹೋಗಬೇಡಿ ಅಂತ ನನ್ನ ಮನವಿ. ನಮ್ಮ ಕಡೆ ಮಗ್ಗಿ ಕಲಿತ ಅಭ್ಯಾಸದಲ್ಲಿ ಎಲ್ಲವನ್ನೂ ಉರು ಹೊಡೆಯುತ್ತೇವೆ. ಹಾಗೆ ಕಲಿತದ್ದು ಬೇಡದ ಕಡೆಯೆಲ್ಲ ಬಂದು ಕೂರುತ್ತದೆ. ‘ಪ್ಲೇಸ್ ಎ ವೈಟಲ್ ರೋಲ್’ ಇಲ್ಲದ ಪ್ರಬಂಧವೇ ನನಗೆ ಅಪರೂಪ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರದ್ದೂ ಇದೇ ಪಾಡು. 40 ನಿಮಿಷದಲ್ಲಿ ಕನಿಷ್ಠ 250 ಪದಗಳ ವಾದ ಬರೆಯಬೇಕು. ಮೌಲ್ಯಮಾಪನದ ಮಾನದಂಡದಲ್ಲಿ ಜೊತೆಪದದ ಹೆಸರು ನೇರವಾಗಿಯೇ ಇದೆ. ಕೋಚಿಂಗಿನಲ್ಲಿ ಸಿದ್ಧ ವಾಕ್ಯಗಳನ್ನು ಕೊಟ್ಟು ಕಳಿಸುತ್ತಾರೆ. ಪ್ರಶ್ನೆ ಯಾವುದೇ ಇರಲಿ, ‘ಎವ್ರಿ ಕಾಯಿನ್ ಹ್ಯಾಸ್ ಟು ಸೈಡ್ಸ್’ ಬಂದೇ ಬರುತ್ತದೆ. ಉರು ಹೊಡೆದ ವಾಕ್ಯಗಳನ್ನು ಪರೀಕ್ಷಕರು ಸುಲಭವಾಗಿ ಗುರುತಿಸುತ್ತಾರೆ.

ನಾನು ಹೇಳುವ ದಾರಿ ನಿಧಾನದ್ದು. ನಿಮ್ಮದೇ ವಿಷಯದ ಒಂದು ಒಳ್ಳೆಯ ಲೇಖನ ತೆಗೆದುಕೊಳ್ಳಿ. ಮೊದಲ ಸಲ ವಿಷಯಕ್ಕಾಗಿ ಓದಿ. ಎರಡನೆಯ ಸಲ ಪೆನ್ಸಿಲ್ ಹಿಡಿದು, ನಿಮಗೆ ಚೆನ್ನಾಗಿ ಗೊತ್ತಿರುವ ನಾಮಪದಗಳ ಅಡಿಗೆ ಮಾತ್ರ ಗೆರೆ ಎಳೆಯಿರಿ. ಡೇಟಾ, ರಿಸಲ್ಟ್, ಎವಿಡೆನ್ಸ್, ಕ್ವೆಶ್ಚನ್, ಅಸಂಪ್ಷನ್. ಪ್ರತಿಯೊಂದರ ಎಡಕ್ಕೆ ಯಾವ ಕ್ರಿಯಾಪದ ಇದೆ, ಹಿಂದೆ ಯಾವ ವಿಶೇಷಣ ಇದೆ, ಮುಂದೆ ಯಾವ ಪುಟ್ಟ ಪದ ಇದೆ ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ‘ಎವಿಡೆನ್ಸ್’ಗೆ ಒಂದು ಪೂರ್ತಿ ಪುಟ ಬಿಡಿ. ‘ಗ್ಯಾದರ್’, ‘ವೇ’ (weigh), ‘ಸೈಟ್’ (cite) ಒಂದು ಕಡೆ. ‘ಆ್ಯಂಪಲ್’, ‘ಸ್ಕ್ಯಾಂಟ್’, ‘ಕಾನ್‌ಫ್ಲಿಕ್ಟಿಂಗ್’, ‘ಅನೆಕ್ಡೋಟಲ್’ ಇನ್ನೊಂದು ಕಡೆ. ಬರೀ ಜೋಡಿ ಬರೆದರೆ ಸಾಲದು, ಅದು ಬಂದ ಪೂರ್ತಿ ವಾಕ್ಯವನ್ನು ಬರೆದುಕೊಳ್ಳಿ. ತೂಕ ಗೊತ್ತಾಗುವುದು ವಾಕ್ಯದಲ್ಲೇ. ಅನುಮಾನ ಬಂದರೆ ಕೋಕಾ (COCA) ಅನ್ನುವ ಅಮೆರಿಕನ್ ಇಂಗ್ಲಿಷಿನ ಪಠ್ಯಸಂಗ್ರಹ ಇದೆ, 100 ಕೋಟಿ ಪದಗಳದ್ದು, ಅದರಲ್ಲಿ ಅಕಾಡೆಮಿಕ್ ಬರಹಕ್ಕೆ ಬೇರೆ ವಿಭಾಗವೇ ಇದೆ. ಸ್ಕೆಲ್ (SKELL) ಅನ್ನುವ ತಾಣವೂ ಸರಳವಾಗಿದೆ, ಪದ ಹಾಕಿದರೆ ನಿಜವಾದ ವಾಕ್ಯಗಳನ್ನು ತೋರಿಸುತ್ತದೆ.

ಈಗ ಚಾಟ್‌ಜಿಪಿಟಿ ಇರುವಾಗ ಇಷ್ಟೆಲ್ಲ ಯಾಕೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಜೊತೆಪದದ ತಪ್ಪನ್ನು ಅದು ಚೆನ್ನಾಗಿಯೇ ತಿದ್ದುತ್ತದೆ, ಅದನ್ನು ಒಪ್ಪುತ್ತೇನೆ. ಇಂಗ್ಲಿಷ್ ಬಾರದು ಅನ್ನುವ ಒಂದೇ ಕಾರಣಕ್ಕೆ ಹಿಂದೆ ಉಳಿದವರಿಗೆ ಅದರಿಂದ ಉಪಕಾರ ಆಗಿದೆ. ಆದರೆ ನಿಮ್ಮ ದತ್ತಾಂಶಕ್ಕೆ ‘ಸಜೆಸ್ಟ್ಸ್’ ಸರಿಯಾ ‘ಡೆಮನ್‌ಸ್ಟ್ರೇಟ್ಸ್’ ಸರಿಯಾ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಹಳ್ಳಿಗೆ ಹೋಗಿ ಅಳೆದವರು ನೀವು. ತಿದ್ದಿಸಿದ ಬರಹದಲ್ಲಿ ‘ಅಸೋಸಿಯೇಟೆಡ್ ವಿತ್’ ಅನ್ನುವುದು ಇದ್ದಕ್ಕಿದ್ದಂತೆ ‘ಸಿಗ್ನಿಫಿಕೆಂಟ್ಲಿ ಇಂಪ್ರೂವ್ಸ್’ ಆಗಿ ಬಂದದ್ದನ್ನು ನಾನು ನೋಡಿದ್ದೇನೆ. ವಾಕ್ಯ ಮೊದಲಿಗಿಂತ ನಯವಾಗಿತ್ತು. ಸುಳ್ಳಾಗಿತ್ತು. ‘ಸಿಗ್ನಿಫಿಕೆಂಟ್’ ಪದವನ್ನು ಕಂಡ ಕೂಡಲೇ ವಿಜ್ಞಾನದ ಓದುಗ ಅಂಕಿಅಂಶದ ಪರೀಕ್ಷೆ ಎಲ್ಲಿ ಅಂತ ಕೇಳುತ್ತಾನೆ ಅನ್ನುವುದು ಗೊತ್ತಿದ್ದರೆ ಮಾತ್ರ ಆ ಬದಲಾವಣೆ ಕಣ್ಣಿಗೆ ಬೀಳುತ್ತದೆ.

‘ನೇಟಿವ್ ಸ್ಪೀಕರ್ ಹತ್ತಿರ ತೋರಿಸಿ’ ಅಂತ ಒಂದು ಸಾಲು ಬರೆದು ಬರಹ ವಾಪಸ್ ಕಳಿಸುವ ಜರ್ನಲ್‌ಗಳ ಬಗ್ಗೆ ನನಗೆ ಸಿಟ್ಟಿದೆ. ಯಾವ ವಾಕ್ಯ, ಏನು ತೊಡಕು ಅಂತ ಹೇಳುವುದಿಲ್ಲ. ಎಷ್ಟೋ ಸಲ ವಿಷಯ ಓದದೆಯೇ ಬರೆದಂತಿರುತ್ತದೆ. ಭಾರತದ ಇಂಗ್ಲಿಷಿಗೆ ತನ್ನದೇ ಜೊತೆಪದಗಳಿವೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್. ವಿ. ಶಾಸ್ತ್ರಿ ಅವರು 1978ರಲ್ಲಿ ಅಚ್ಚಾದ ಭಾರತೀಯ ಇಂಗ್ಲಿಷಿನಿಂದ 10 ಲಕ್ಷ ಪದಗಳ ಸಂಗ್ರಹ ಮಾಡಿಟ್ಟಿದ್ದಾರೆ. ‘ಡಿಸ್ಕಸ್ ಅಬೌಟ್’ ಅಂತ ಬರೆದರೆ ಯಾರ ವಾದವೂ ಬೀಳುವುದಿಲ್ಲ. ನಾನು ಅದನ್ನು ತಿದ್ದುತ್ತೇನೆ, ಆದರೆ ಅದಕ್ಕಾಗಿ ಯಾರನ್ನೂ ಚಿಕ್ಕವರು ಅಂತ ನೋಡುವುದಿಲ್ಲ. ‘ಪ್ರೂವ್ಸ್’ ಅಂತ ಬರೆದಾಗ ಮಾತ್ರ ಕುರ್ಚಿ ಎಳೆದುಕೊಂಡು ಪಕ್ಕ ಕೂರುತ್ತೇನೆ. ಎರಡಕ್ಕೂ ಒಂದೇ ಕೆಂಪು ಶಾಯಿ ಹಚ್ಚುವವರು ಕಲಿಯುವವರಿಗೆ ಅನ್ಯಾಯ ಮಾಡುತ್ತಿದ್ದಾರೆ.

ಕೊನೆಗೆ, ಒಪ್ಪದೆ ಇರುವುದನ್ನು ಹೇಳುವ ಜೊತೆಪದಗಳು. ನನಗೆ ಇವು ಎಲ್ಲಕ್ಕಿಂತ ಇಷ್ಟ. ಹಿರಿಯರ ಎದುರು ತುಟಿ ಬಿಚ್ಚಬಾರದು ಅಂತ ಕೇಳಿ ಬೆಳೆದ ನಮ್ಮ ಹುಡುಗರು ದೊಡ್ಡ ಹೆಸರಿನವರ ಲೇಖನ ತಪ್ಪು ಅನ್ನಿಸಿದರೆ ಸುಮ್ಮನಾಗಿಬಿಡುತ್ತಾರೆ. ಇಲ್ಲವೇ ‘ದೇ ಆರ್ ರಾಂಗ್’ ಅಂತ ಬರೆಯುತ್ತಾರೆ. ನಡುವಿನ ದಾರಿ ಅವರಿಗೆ ಇಂಗ್ಲಿಷಿನಲ್ಲಿ ಯಾರೂ ತೋರಿಸಿಲ್ಲ. ‘ಕಾಸ್ಟ್ ಡೌಟ್ ಆನ್’ (cast doubt on) ಇದೆ. ‘ಕಾಲ್ ಇಂಟು ಕ್ವೆಶ್ಚನ್’ ಇದೆ. ‘ರೆಸ್ಟ್ಸ್ ಆನ್ ದ ಅಸಂಪ್ಷನ್ ದಟ್’ ಅಂತ ಶುರು ಮಾಡಿ, ಆ ಅಸಂಪ್ಷನ್ ನಮ್ಮ ಊರಿನಲ್ಲಿ ಯಾಕೆ ನಿಲ್ಲುವುದಿಲ್ಲ ಅಂತ ತೋರಿಸಬಹುದು. ಮರ್ಯಾದೆಯೂ ಉಳಿಯುತ್ತದೆ, ಮಾತೂ ಉಳಿಯುತ್ತದೆ.

ರಾಗಿಯ ಹುಡುಗಿಯ ಗೆಳತಿಯೊಬ್ಬಳು ಅಂತರ್ಜಲದ ಮೇಲೆ ಕೆಲಸ ಮಾಡುತ್ತಿದ್ದಾಳೆ. ಅವಳ ಬೋರ್‌ವೆಲ್ ಅಳತೆಗಳು ಹೆಸರುವಾಸಿಯಾದ ಒಂದು ತಂಡದ ಲೆಕ್ಕಕ್ಕೆ ತಾಳೆ ಆಗುತ್ತಿರಲಿಲ್ಲ. ಬಹಳ ದಿನ ಹಿಂಜರಿದಳು. ಕೊನೆಗೆ ‘ದೀಸ್ ಅಬ್ಸರ್ವೇಷನ್ಸ್ ಆರ್ ಡಿಫಿಕಲ್ಟ್ ಟು ರಿಕನ್ಸೈಲ್ ವಿತ್’ ಅಂತ ಬರೆದು, ಅವರ ಲೇಖನವನ್ನು ಉಲ್ಲೇಖಿಸಿ ಕಳಿಸಿದಳು. ಹೋದ ತಿಂಗಳು ವಿಮರ್ಶಕರ ಟಿಪ್ಪಣಿ ಬಂತು. ಭಾಷೆಯ ಬಗ್ಗೆ ಒಂದು ಮಾತೂ ಇರಲಿಲ್ಲ. ಹೊಂದಿಕೆಯಾಗುವುದಿಲ್ಲ ಅಂದಿದ್ದೀರಿ, ಯಾವ ಯಾವ ಬಾವಿಗಳಲ್ಲಿ, ಎಷ್ಟರ ಮಟ್ಟಿಗೆ ಅಂತ ಇನ್ನೊಂದು ಪ್ಯಾರಾ ಬರೆಯಿರಿ ಅಂತ ಕೇಳಿದ್ದರು. ಈಗ ಅವಳು ಆ ಪ್ಯಾರಾ ಬರೆಯುತ್ತಿದ್ದಾಳೆ.